ಮಾವ ಕರುಣೆ ತೋರಿದ ಗಿಡಗಳು

ತಾನು ಒಂದಿಷ್ಟೂ ಸವೆಯದೆ ಬೇರೆಯವರ ಕೆಲಸಕ್ಕೆ ವೇಗ ಕೊಡುವ ವಸ್ತುವಿಗೆ ರಸಾಯನಶಾಸ್ತ್ರದಲ್ಲಿ ವೇಗವರ್ಧಕ ಎನ್ನುತ್ತಾರೆ. ವೇಗವೊಂದನ್ನು ಬಿಟ್ಟರೆ, ನಮ್ಮ ಮಾವನೂ ಅದೇ ಜಾತಿ.

ಅತ್ತೆಯದು ಬಟ್ಟೆಗೆ ಬಣ್ಣ ಹಾಕುವ ಶೆಡ್ಡು. ಅಲ್ಲಿಂದ ಹೊರಬೀಳುವ ನೀಲಿ ನೀರು ತಿಳಿಯಾಗದಿದ್ದರೆ ಬೀಗ ಜಡಿಯುವುದಾಗಿ ಅಧಿಕಾರಿ ಹೇಳಿ ಹೋಗಿದ್ದರು. ಓದು ಮುಗಿಸಿ ಗೋಡೆ ನೋಡುತ್ತ ಕೂತಿದ್ದ ನನಗೆ ಅತ್ತೆ ಹಿತ್ತಲು ಬಿಟ್ಟುಕೊಟ್ಟಳು. ಪಕ್ಕದಲ್ಲಿ ಮುಚ್ಚಿಹೋಗಿದ್ದ ನಿಕಲ್ ಲೇಪನದ ಕಾರ್ಖಾನೆಯ ಮಣ್ಣನ್ನು ಕುಂಡಗಳಿಗೆ ತುಂಬಿ, ಲೋಹ ಹೀರುವ ಗಿಡ ನೆಟ್ಟೆ. ಆ ಮಣ್ಣಿನಲ್ಲಿ ಸೊರಗಿಯೇ ಬೆಳೆದರೂ ಅದು ನಿಕಲನ್ನು ಎಲೆಗೆ ಏರಿಸಿಕೊಳ್ಳುತ್ತದೆ. ಎಲೆ ಸುಟ್ಟ ಬೂದಿಯನ್ನು ಆಮ್ಲದಲ್ಲಿ ನೆನೆಸಿ ಒಣಗಿಸಿದರೆ ಸಿಗುವ ಪುಡಿಯೇ ವೇಗವರ್ಧಕ; ಅದು ಪೆರಾಕ್ಸೈಡ್ ಜೊತೆ ಸೇರಿ ಬಣ್ಣವನ್ನು ಒಡೆಯುತ್ತದೆ. ಮೊದಲ ಬೆಳೆಯ ಪುಡಿ ಒಂದು ಲೋಟ ನೀರನ್ನು ತಿಳಿಯಾಗಿಸಿತು. ಅತ್ತೆ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು.

ಶೆಡ್ಡಿನ ನೀಲಿ ನೀರು ತುಂಬುವ ತೊಟ್ಟಿಗೆ ಸಾಕಾಗುವಷ್ಟು ಪುಡಿಗಾಗಿ ಎರಡನೇ ಬೆಳೆ ಹಾಕಿದೆ. ಅಷ್ಟೊಂದು ಎಲೆ ಸುಡಲು ಕಾಲೇಜಿನ ಕುಲುಮೆ ಬಳಸುವ ಅನುಮತಿ ಬೇಡಿ ನಾನು ಅಲೆಯುತ್ತಿದ್ದಾಗ ನೀರುಣಿಸುವ ಹೊಣೆ ಮಾವನ ಪಾಲಾಯಿತು. ಅನುಮತಿ ಸಿಗುವಷ್ಟರಲ್ಲಿ ಗಿಡಗಳು ಸೊಂಪಾಗಿ ಬೆಳೆದಿದ್ದವು. ಪಕ್ಕದಲ್ಲಿ ಮಾವ ಮದುಮಗನಂತೆ ನಿಂತಿದ್ದರು.

ಅಧಿಕಾರಿಯ ಎದುರು ತೊಟ್ಟಿಗೆ ಪುಡಿ, ಪೆರಾಕ್ಸೈಡ್ ಸುರಿದು ಕಲಕಿದೆವು. ಕಾದೆವು. ನೀರು ಬಹಳ ನಿಷ್ಠೆಯಿಂದ ನೀಲಿಯಾಗಿಯೇ ಉಳಿಯಿತು.

"ಅಷ್ಟು ಒಳ್ಳೆ ಗೊಬ್ಬರ ಹಾಕಿದ್ನಲ್ಲ," ಎಂದರು ಮಾವ.

"ಯಾವ ಗೊಬ್ಬರ?" ಅತ್ತೆ ಕೇಳಿದಳು.

"ಆ ಕೊಳಕು ಮಣ್ಣಲ್ಲಿ ಪಾಪ, ಹೇಗೆ ಬದುಕ್ತಾವೆ? ಸಸಿ ಇದ್ದಾಗ್ಲೇ ಮಣ್ಣು ಬದಲಾಯಿಸಿಬಿಟ್ಟೆ. ಇವನಿಗೆ ಗಿಡದ ಮೇಲೆ ಕರುಣೆನೇ ಇಲ್ಲ."

ಮದುವೆಯಾದಾಗಿನಿಂದ ಹೆಂಡತಿಗೆ ಒಂದು ಲೋಟ ನೀರು ಕೊಟ್ಟು ಗೊತ್ತಿಲ್ಲದವರ ಕರುಣೆ ಕೊನೆಗೂ ಹರಿದಿತ್ತು, ಸೊಪ್ಪಿನ ಮೇಲೆ. ಹೀರಲು ಲೋಹವೇ ಇಲ್ಲದ ಒಳ್ಳೆಯ ಮಣ್ಣಿನಲ್ಲಿ ನಾವು ಬೆಳೆದು ಸುಟ್ಟದ್ದು ಬರೀ ಸೊಪ್ಪು.

ಅಧಿಕಾರಿ ಶೆಡ್ಡಿಗೆ ಬೀಗ ಹಾಕಿ ಮುದ್ರೆ ಒತ್ತಿದರು. ನೀರು ತಿಳಿಯಾದ ದಿನ ಕರೆಯಿರಿ ಎಂದರು. ಹೋಗುವಾಗ ಮನೆಗೆಂದು, ಕೊಯ್ಯದೆ ಉಳಿಸಿದ್ದ ಒಂದು ಕುಂಡ ಕೇಳಿ ಪಡೆದರು. ಗಿಡ ಅಷ್ಟು ಚೆಂದವಿತ್ತು.

ಕಾರ್ಖಾನೆಯ ಮಣ್ಣನ್ನು ನೀವೇ ಹೊತ್ತು ತನ್ನಿ ಎಂದು ಅತ್ತೆ ಮಾವನಿಗೆ ಹೇಳಿದಳು. ಅವರು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸಾವಿನ ಮನೆಗೆ ಹೊರಟವರಂತೆ ಹೊತ್ತು ತಂದರು. ನಾನು ಹೊಸ ಸಸಿ ನೆಟ್ಟೆ.

ನನಗೆ ಮೌನ ಇಷ್ಟ. ಕೆಲಸ ನಿಂತ ಶೆಡ್ಡಿನ ಮೌನ ಮಾತ್ರ ಸಹಿಸಲಾಗಲಿಲ್ಲ. ಬೀಗದ ಎದುರು ಬಕೆಟ್ ಬೋರಲು ಹಾಕಿ ಕೂತಿರುತ್ತಿದ್ದ ಅತ್ತೆಯ ಉಗುರುಗಳಲ್ಲಿ ನೀಲಿ ಮಾಸತೊಡಗಿತ್ತು.

"ಗಿಡ ಹೇಗಿದೆಯೋ?" ಎಂದಳು ಒಂದು ಬೆಳಿಗ್ಗೆ.

"ಸೊರಗಿದೆ ಅತ್ತೆ."

"ಸದ್ಯ," ಎಂದಳು. ಮಾವ ಮುಖ ಆಚೆ ತಿರುಗಿಸಿದರು.