ಓಲೆ ತೊಡಿಸುವ ದಿನ

ಅಮ್ಮನ ಕಿವಿ ಮಿಷನ್ ಒಂದು ವಾರದಿಂದ ಸಿಳ್ಳೆ ಹೊಡೆಯುತ್ತಿತ್ತು. ಅದನ್ನು ಸರಿಪಡಿಸುತ್ತಿದ್ದ ಕುಬಾತ್ ಅಣ್ಣ ನಮ್ಮೂರು ನಾರಿನ್ ಬಿಟ್ಟು ರಾಜಧಾನಿ ಬಿಷ್ಕೆಕ್‌ಗೆ ಹೋಗುವಾಗ, ಭೌತಶಾಸ್ತ್ರ ಓದಿದವಳೆಂದು ತನ್ನ ಹಳೆಯ ಪ್ರೋಗ್ರಾಮನ್ನೂ ಮಿಷನ್ನಿಗೆ ಜೋಡಿಸುವ ಪುಟ್ಟ ಪೆಟ್ಟಿಗೆಯನ್ನೂ ನನಗೆ ಕೊಟ್ಟಿದ್ದ. ಸಂಜೆ ಚಹಾದ ಹೊತ್ತಿಗೆ ಬೀಗರು ಬಂದು, ಮದುವೆ ನಿಶ್ಚಯದ ಗುರುತಾಗಿ ನನಗೆ ಓಲೆ ತೊಡಿಸುವವರಿದ್ದರು. ಬೆಳಿಗ್ಗೆಯೇ ಅಮ್ಮ ಹೇಳಿಬಿಟ್ಟಿದ್ದಳು: "ಕೇಳಿಸದೆ ಸುಮ್ನೆ ತಲೆಯಾಡಿಸಿ ಮಗಳನ್ನ ಕೊಡೋಳಲ್ಲ ನಾನು."

ಪ್ರೋಗ್ರಾಮು ಹಳೆಯ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್. ಹಾಗಾಗಿ ಅದರೊಳಗೇ ಇನ್ನೊಂದು ಕಂಪ್ಯೂಟರನ್ನು ಕಟ್ಟಿ, ಹಳೆಯ ವಿಂಡೋಸನ್ನು ಅಲ್ಲಿ ಕೂರಿಸಿದ್ದೆ. ಒಳಗಿನ ಆ ಕಂಪ್ಯೂಟರಿಗೆ ಒಂದು ಸೌಕರ್ಯವಿದೆ. ಅದು ಈಗ ಹೇಗಿದೆಯೋ ಹಾಗೆಯೇ ಹಿಡಿದಿಡಬಹುದು. ಮುಂದೆ ಏನಾದರೂ ಕೆಟ್ಟರೆ ಆ ಸ್ಥಿತಿಗೇ ಮರಳಬಹುದು. ಪ್ರೋಗ್ರಾಮು ಹಾಕಿದ ಕೂಡಲೇ ಹಾಗೆ ಹಿಡಿದಿಟ್ಟೆ. ಆಮೇಲೆ ಮಿಷನ್ನನ್ನು ಜೋಡಿಸಿ, ಕುಬಾತ್ ಅಣ್ಣ ವರ್ಷಗಟ್ಟಲೆ ತಿದ್ದಿ ಕೂರಿಸಿದ್ದ ಅಳತೆಗಳನ್ನೆಲ್ಲ ಓದಿಸಿ ಒಳಗಡೆಯೇ ಉಳಿಸಿಕೊಂಡೆ. ಸಿಳ್ಳೆಯ ಸ್ವರವನ್ನು ತಗ್ಗಿಸಿ ಮಿಷನ್ನಿಗೆ ಬರೆಯಲು ಹೇಳಿದೆ.

ಅರ್ಧದಲ್ಲಿ ಪೆಟ್ಟಿಗೆ ಮಾಯವಾಯಿತು. ಹೊರಗಿನ ಲಿನಕ್ಸ್ ಅದನ್ನು ತನ್ನದೆಂದು ಕಿತ್ತುಕೊಂಡಿತ್ತು. ಒಳಗಿನ ವಿಂಡೋಸ್ ಸ್ತಬ್ಧವಾಯಿತು. ಅಂಗೈಯಲ್ಲಿದ್ದ ಮಿಷನ್ ಮೂಕವಾಗಿತ್ತು. ಗಾಬರಿಯಲ್ಲಿ, ವಿಂಡೋಸನ್ನು ಹಿಡಿದಿಟ್ಟ ಸ್ಥಿತಿಗೆ ಮರಳಿಸಿದೆ. ತೆರೆ ಬೆಳಗಿತು, ನೆಮ್ಮದಿಯ ಉಸಿರು ಬಿಡುವಷ್ಟರಲ್ಲಿ ಹೊಳೆಯಿತು. ಅಳತೆಗಳನ್ನು ಉಳಿಸಿದ್ದು ಹಿಡಿದಿಟ್ಟ ಮೇಲೆ. ಅವುಗಳನ್ನು ನಾನೇ ಅಳಿಸಿಹಾಕಿದ್ದೆ.

ಕುಬಾತ್ ಅಣ್ಣನಿಗೆ ಫೋನ್ ಮಾಡಿದೆ. ತನ್ನ ಬಳಿ ಯಾವ ಪ್ರತಿಯೂ ಇಲ್ಲವೆಂದ.

ಚಹಾಕ್ಕೆಂದು ಬೋರ್ಸೋಕ್ ಹಿಟ್ಟಿನ ತುಂಡುಗಳನ್ನು ಕರಿಯುತ್ತಿದ್ದ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು. ನಾನು ಏನೂ ಇಲ್ಲವೆಂದು ಕೈಯಾಡಿಸಿದೆ.

"ಸುಳ್ಳು ಹೇಳ್ಬೇಡ ಬೆಗಾಯ್," ಅಂದಳು, ಕಿವಿ ಕೇಳಿಸದವರ ದೊಡ್ಡ ದನಿಯಲ್ಲಿ. "ನಿನ್ನ ಮುಖ ಒಲೆವರೆಗೂ ಕೇಳಿಸ್ತಿದೆ."

ಪೆಟ್ಟಿಗೆಯನ್ನು ಮುಟ್ಟದಂತೆ ಲಿನಕ್ಸಿಗೆ ತಡೆ ಹಾಕಿ, ಮತ್ತೆ ಜೋಡಿಸಿದೆ. ಮಿಷನ್ ಸಿಕ್ಕಿತು, ಆದರೆ ಬರೆಯುವುದು ಅರ್ಧದಲ್ಲೇ ನಿಂತದ್ದರಿಂದ ಅದಕ್ಕೆ ಅಮ್ಮನ ಕಿವಿಯ ಪರಿಚಯವೇ ಉಳಿದಿರಲಿಲ್ಲ. ಅಮ್ಮನನ್ನು ಎದುರಿಗೆ ಕೂರಿಸಿಕೊಂಡು, ತಂತಿ ಜೋಡಿಸಿದ ಮಿಷನ್ನನ್ನು ಅವಳ ಕಿವಿಗಿಟ್ಟು, ತುಟಿ ಕಾಣದಂತೆ ಬಾಯಿ ಮುಚ್ಚಿಕೊಂಡು ಮಾತಾಡುತ್ತ ಹೋದೆ. ಚಮಚದ ಸದ್ದು ಚುಚ್ಚುತ್ತದೆ ಅಂದಳು, ತಗ್ಗಿಸಿದೆ. ನಾನು ಡಬ್ಬದೊಳಗಿಂದ ಮಾತಾಡಿದ ಹಾಗಿದೆ ಅಂದಳು, ಏರಿಸಿದೆ. ಇಷ್ಟು ವರ್ಷ ಅವಳಿಗೆ ನನ್ನ ದನಿ ಹೇಗೆ ಕೇಳಿಸುತ್ತಿತ್ತೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಕೊನೆಯ ಸಲ ಬರೆಯಲು ಹೇಳಿ, ಅದು ಮುಗಿಯುವ ತನಕ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮುಗಿಯಿತು. ತಗ್ಗಿದ ದನಿಯೂ ಅವಳಿಗೆ ಕೇಳಿಸುತ್ತದೆಯೇ ಎಂದು ನೋಡಬೇಕೆನ್ನುವಾಗ ಗೇಟಿನ ಹತ್ತಿರ ಕಾರು ನಿಂತಿತು.

ನನ್ನ ಅತ್ತೆಯಾಗಲಿದ್ದ ಝಿಪಾರ್ ಅವರದು ಹುಟ್ಟಾ ತಗ್ಗಿದ ದನಿ. ಅವರು ನನಗೆ ಓಲೆ ತೊಡಿಸಿದರು. ಬೆಳ್ಳಿ ತಣ್ಣಗಿತ್ತು. ಆಮೇಲೆ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಅಮ್ಮನತ್ತ ನೋಡದೆಯೇ ಕೇಳಿದರು: "ಬೀಗಿತ್ತಿ, ಹಿಮ ಬೀಳೋಕೆ ಮುಂಚೆ ಹುಡುಗೀನ ಕರ್ಕೊಂಡು ಹೋಗ್ತೀವಿ. ಆಗಬಹುದಾ?"

ಅಮ್ಮ ತನ್ನ ಬಟ್ಟಲನ್ನೇ ನೋಡುತ್ತಿದ್ದಳು. ಎಲ್ಲರೂ ಕಾದರು. ಯಾರೋ ಕೆಮ್ಮಿದರು. ಮಿಷನ್ ತಿದ್ದುವಾಗ ತಗ್ಗಿದ ದನಿಗಳನ್ನು ನಾನೇ ಕೊಂದುಬಿಟ್ಟೆನೇನೋ. ಅವಳ ಒಂದು ಮಾತೂ ಇಲ್ಲದೆ ಎಲ್ಲ ತೀರ್ಮಾನವಾಗಿಹೋಗುತ್ತದೆ ಅನ್ನಿಸಿತು. ಆ ಪ್ರಶ್ನೆಯನ್ನು ನಾನೇ ಮತ್ತೆ ಹೇಳಲು ಅವಳ ಕಿವಿಯ ಬಳಿ ಬಾಗಿದೆ.

ಅಮ್ಮ ನನ್ನ ಮಣಿಕಟ್ಟು ಹಿಡಿದಳು.

"ಕೇಳಿಸ್ತು ಕಣೇ," ಅಂದಳು ಮೆಲ್ಲಗೆ. "ಉತ್ತರ ಇನ್ನೂ ಬಂದಿಲ್ಲ."

ಝಿಪಾರ್ ಬಟ್ಟಲನ್ನು ಕೆಳಗಿಟ್ಟು ಕಾದರು.