ಪೇಪರ್ ನೋಟೀಸಿನ ದರ ಬರೆಸಿಕೊಂಡ ಸಣ್ಣಕ್ಕ

ಗಂಡ ಕಾಣೆಯಾದರೆ ಹೆಂಡತಿಗೆ ಎರಡು ಕಷ್ಟ. ಬರುತ್ತಾನೆಂದು ಕಾಯಬೇಕು, ಬರುವುದಿಲ್ಲವೆಂದು ಸರ್ಕಾರಕ್ಕೆ ಸಾಬೀತು ಮಾಡಬೇಕು.

ಹೊಳೆನರಸೀಪುರದ ಹತ್ತಿರವಿರುವ ನಮ್ಮೂರಿನ ಸಣ್ಣಕ್ಕನ ಗಂಡ ಕನಕರಾಜು, ಒಂಬತ್ತು ವರ್ಷದ ಹಿಂದೆ ತೆಂಗಿನಕಾಯಿ ಲೋಡಿನ ಜೊತೆ ಚನ್ನರಾಯಪಟ್ಟಣಕ್ಕೆ ಹೋದವನು ಹಿಂದಿರುಗಲಿಲ್ಲ. ಪೊಲೀಸರು ಹುಡುಕಿದರು, ನೆಂಟರು ಹುಡುಕಿದರು. ಸುಳಿವಿಲ್ಲ. ಎರಡು ಎಕರೆ ಜಮೀನು ಅವನ ಹೆಸರಿನಲ್ಲೇ ಉಳಿಯಿತು. ವಿಧವಾ ವೇತನ ಕೇಳಿದರೆ ಮರಣ ಪತ್ರ ತನ್ನಿ ಎಂದರು.

ಏಳು ವರ್ಷ ಸುದ್ದಿಯೇ ಇಲ್ಲದವನನ್ನು ಸತ್ತನೆಂದು ಕೋರ್ಟು ಘೋಷಿಸಬಹುದು. ಅಷ್ಟು ಕಾಲ ಕಳೆದ ಮೇಲೆ ಸಣ್ಣಕ್ಕ ವಕೀಲರನ್ನು ಹಿಡಿದು ಕೋರ್ಟಿಗೆ ಹೋದಳು. ಕನಕರಾಜು ಬದುಕಿದ್ದರೆ, ಅಥವಾ ಅವನನ್ನು ಕಂಡವರಿದ್ದರೆ ಬಂದು ಹೇಳಲಿ ಎಂದು ಪತ್ರಿಕೆಯಲ್ಲಿ ನೋಟೀಸು ಹಾಕಿಸಲು ನ್ಯಾಯಾಧೀಶರು ಆದೇಶಿಸಿದರು.

ಯಾರೋ ಹೇಳಿದರೆಂದು ಸಣ್ಣಕ್ಕ ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಕೂರುವ ಶಾಂತರಾಜು ಎಂಬ ಜಾಹೀರಾತು ಏಜೆಂಟನ ಬಳಿ ಹೋದಳು. ಅವನು ಆದೇಶವನ್ನು ಪೂರ್ತಿ ಓದಲೂ ಇಲ್ಲ.

“ಇಪ್ಪತ್ತೆರಡು ಸಾವಿರ ಆಯ್ತದೆ.”

“ಅಷ್ಟೊಂದಾ ಸಾ? ವಸಿ ಕಮ್ಮಿ ಮಾಡ್ಕೊಳಿ.”

“ಕೋರ್ಟ್ ನೋಟೀಸ್ ಕಣಮ್ಮ ಇದು. ತರಕಾರಿ ಯಾಪಾರ ಅಲ್ಲ.”

ಮನೆಯಲ್ಲಿದ್ದದ್ದು ಕರೆಯುವ ಹಸು ಒಂದೇ. ಅದನ್ನು ಹೊಡೆದುಕೊಂಡು ಹೋಗುವಾಗ ಮಾವ ಹೊನ್ನಯ್ಯ ಜಗುಲಿಯಿಂದ ಎದ್ದು ಬಂದ.

“ಹಸ ಮಾರಿ, ನನ್ ಮಗ ಸತ್ತೋದ ಅಂತ ಪೇಪರಿಗೆ ಆಕುಸ್ತೀಯೇನವ್ವಾ?”

“ಅಂಗಲ್ಲ ಮಾವ. ಎಲ್ಲಾನ ಇದ್ರೆ ಬರ್ಲಿ ಅಂತ್ಲೇ ಆಕ್ಸೋದು.”

“ಬರೋನಾಗಿದ್ರೆ ಏಳ್ ವರ್ಸ ಬೇಕಿತ್ತಾ?” ಎಂದವನು, ತಾನೇ ಆಡಿದ ಮಾತು ಕೇಳಿ ಬಾಯಿ ಮುಚ್ಚಿಕೊಂಡ.

ಹಸು ಹದಿನಾರು ಸಾವಿರಕ್ಕೆ ಹೋಯಿತು. ಶಾಂತರಾಜು ಅಷ್ಟಕ್ಕೆ ಒಪ್ಪಲಿಲ್ಲ. ಉಳಿದದ್ದು ಹೊಂದಿಸಿಕೊಂಡೇ ಮುಖ ತೋರಿಸೋಣವೆಂದು ಸಣ್ಣಕ್ಕ ವಕೀಲರಿಗೂ ಹೇಳಲಿಲ್ಲ. ಅಷ್ಟರಲ್ಲಿ ಹೊನ್ನಯ್ಯನಿಗೆ ಉಸಿರಾಟದ ತೊಂದರೆ ಬಂತು. ಹಸುವಿನ ದುಡ್ಡು ಔಷಧಿಗೆ ಕರಗಿತು. ಎರಡು ವಾಯಿದೆ ಕಳೆದವು. ನೋಟೀಸು ಹಾಕಿಸಿಲ್ಲವೆಂದು ಕೇಸು ವಜಾ ಆಯಿತು.

ನಮ್ಮೂರ ಹೆಂಗಸರ ಸಂಘದ ವಾರದ ಸಭೆಗೆ ಸಣ್ಣಕ್ಕ ಮೂರು ವಾರ ಬರಲಿಲ್ಲ. ನಮ್ಮ ಸಂಘದ ಲತಾ ವಿಚಾರಿಸಿಕೊಂಡು ಮನೆಗೆ ಹೋದಳು. ಲತಾ ತಾಲ್ಲೂಕು ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ. ಎಲ್ಲ ಕೇಳಿದ ಮೇಲೆ ಅವಳು ಅಂದಳು:

“ಏಜೆಂಟ ರೇಟನ್ನ ಬರ್ದು ಕೊಟ್ಟಿದ್ನಾ ಸಣ್ಣಕ್ಕ?”

“ಇಲ್ಲ ಕಣವ್ವಾ. ಬಾಯಲ್ಲೇ ಅಂದ.”

“ಯಾವ್ ಪೇಪರ್ರು, ಎಷ್ಟಗಲ, ಎಷ್ಟುದ್ದ?”

“ಅದೂ ಗೊತ್ತಿಲ್ಲ.”

ಮಂಚದ ಮೇಲಿದ್ದ ಹೊನ್ನಯ್ಯ ತಲೆ ಎತ್ತಿದ. “ಕೋರ್ಟೇ ಆಕ್ಸು ಅಂದ್ಮೇಲೆ ಅವ್ರ್ ಕೇಳ್ದಷ್ಟು ಕೊಡ್ಬೇಕಲ್ವಾ ತಾಯಿ? ಸರ್ಕಾರದ್ ರೇಟಲ್ವಾ ಅದು?”

“ಅಲ್ಲ ಕಣ್ ತಾತ. ಸರ್ಕಾರ ತನ್ನ ಜಾಹೀರಾತಿಗೆ ರೇಟು ಗೊತ್ತು ಮಾಡ್ಕಂಡದೆ. ನಮ್ಮಂತೋರ್ ನೋಟೀಸಿಗೆ ಪೇಪರ್ನೋರೇ ರೇಟ್ ಇಡ್ತಾರೆ. ಒಂದೊಂದ್ ಪೇಪರ್ಗೆ ಒಂದೊಂದ್ ತರ. ಮಧ್ಯದಲ್ಲಿ ಏಜೆಂಟ ಎಷ್ಟ್ ಸೇರ್ಸಿದ ಅಂತ ಯಾರ್ ಕೇಳ್ತಾರೆ?”

“ಕೇಳಿದ್ರೆ ಕೇಸ್ ಕೆಡುಸ್ಬುಟ್ರೆ?”

“ಕೇಳ್ದೆ ಇದ್ದಿದ್ದಕ್ಕೇ ಅಲ್ವಾ ತಾತ ಕೆಟ್ಟಿದ್ದು?”



ಮರುದಿನವೇ ಲತಾ ಸಣ್ಣಕ್ಕನನ್ನು ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋದಳು. ಹೆಂಗಸರಿಗೆ ಅಲ್ಲಿ ವಕೀಲರು ಉಚಿತ. ಕೇಸನ್ನು ಮತ್ತೆ ತೆರೆಯಲು ವಕೀಲರು ಅರ್ಜಿ ಹಾಕಿದರು. ಆದರೆ ಮುಚ್ಚಿದ ಕೇಸು ಕೇಳಿದ ಕೂಡಲೇ ತೆರೆಯುವುದಿಲ್ಲ. ಏಳು ತಿಂಗಳು ಹಿಡಿಯಿತು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಜನ ಓದುವ ಜಿಲ್ಲಾ ಪತ್ರಿಕೆಯಲ್ಲಿ ಹಾಕಿಸಿದರೆ ಸಾಕು ಎಂದು ವಕೀಲರು ಕೇಳಿಕೊಂಡರು. ನ್ಯಾಯಾಧೀಶರು ಒಪ್ಪಿದರು.

ಈ ಸಲ ಇಬ್ಬರೂ ನೇರವಾಗಿ ಪತ್ರಿಕೆಯ ಕಚೇರಿಗೇ ಹೋದರು. ಸಣ್ಣಕ್ಕನೇ ಬಾಯಿಬಿಟ್ಟು ಕೇಳಿದಳು: “ಎಷ್ಟಾಯ್ತದೆ ಅಂತ ಬರ್ದು ಕೊಡಿ ಸಾ.” ಅಲ್ಲಿದ್ದವರು ಒಕ್ಕಣೆ ಓದಿ, ಸ್ಕೇಲಿನಲ್ಲಿ ಜಾಗ ಅಳೆದು ಬರೆದು ಕೊಟ್ಟರು. ನಾಲ್ಕು ಸಾವಿರದ ಮುನ್ನೂರು. ಆ ಖರ್ಚನ್ನು ಭರಿಸಿಕೊಡಿ ಎಂದು ಲತಾ ಸಮಿತಿಗೆ ಅರ್ಜಿ ಹಾಕಿಸಿದಳು. ಸಮಿತಿ ಒಪ್ಪಿ ಕೊಟ್ಟ ಹಣ ಕಟ್ಟಿ ರಸೀದಿ ಪಡೆದರು.

ನೋಟೀಸಿಗೆ ಫೋಟೋ ಬೇಕಿತ್ತು. ಹೊನ್ನಯ್ಯ ದಿಂಬಿನ ಕೆಳಗಿಂದ ಮಗನ ಫೋಟೋ ತೆಗೆದು ಸೊಸೆಯ ಕೈಗಿಟ್ಟ. ಅದು ಅಲ್ಲಿರುವುದು ಅವಳಿಗೂ ಗೊತ್ತಿರಲಿಲ್ಲ.

“ಇದುನ್ನೇ ಕೊಡವ್ವ. ಮಕ ಕಾಣೋ ಅಂಗೆ ಆಕ್ಲಿ. ನೀನು ಮಾಡ್ತಿರೋದು ಸರಿ ಕಣವ್ವ. ನಾನೇ ಅಡ್ಡ ಮಾತಾಡ್ದೆ.”

ನೋಟೀಸು ಅಚ್ಚಾಗುವ ಆರು ದಿನ ಮುಂಚೆ ಅವನು ತೀರಿಕೊಂಡ.

ನೋಟೀಸು ನೋಡಿ ಯಾರೂ ಕೋರ್ಟಿಗೆ ಬರಲಿಲ್ಲ. ಕನಕರಾಜು ಸತ್ತನೆಂದೇ ತಿಳಿಯಬೇಕೆಂದು ಕೋರ್ಟಿನ ಆದೇಶವಾಯಿತು. ಈಗ ಜಮೀನಿನ ಖಾತೆ ಸಣ್ಣಕ್ಕನ ಹೆಸರಿಗೆ ಬಂದಿದೆ, ವಿಧವಾ ವೇತನವೂ ಬರುತ್ತಿದೆ. ಆದರೂ ಸಂಘದ ಸಭೆಯಲ್ಲಿ ಅವಳು ಎದ್ದು ನಿಂತು ಹೇಳಿದ್ದು ಇಷ್ಟೇ:

“ಬರ್ದು ಕೊಡಿ ಸಾ ಅನ್ನೋ ಒಂದ್ ಮಾತು ಅವತ್ತು ನನ್ ಬಾಯಿಗೆ ಬರ್ನಿಲ್ಲ ಕಣ್ರವ್ವಾ. ಬಂದಿದ್ರೆ ಮಾವ ಇರೋವಾಗ್ಲೇ ಎಲ್ಲಾ ಮುಗೀತಿತ್ತು.”

ಕೋರ್ಟು ಹಾಕಿಸೆನ್ನುವ ನೋಟೀಸಿಗೆ ಪತ್ರಿಕೆಗಳು ಇಷ್ಟಕ್ಕಿಂತ ಹೆಚ್ಚು ಪಡೆಯಬಾರದೆಂದು ಸರ್ಕಾರ ಗೊತ್ತು ಮಾಡಲಿ, ಆ ದರಪಟ್ಟಿಯನ್ನು ಕೋರ್ಟಿನ ಬಾಗಿಲಲ್ಲೇ ತೂಗುಹಾಕಲಿ ಎಂದು ನಮ್ಮ ಸಂಘದ ಮೂವತ್ತೊಂದು ಮಂದಿ ಸಹಿ ಮಾಡಿ ಹಾಸನದ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.

ಬರುವವರೆಗೆ ನೀವು ಸುಮ್ಮನಿರಬೇಡಿ. ನಿಮ್ಮ ಮನೆಗೂ ಇಂಥ ನೋಟೀಸಿನ ಕೆಲಸ ಬಂದರೆ ಪತ್ರಿಕೆಯ ಕಚೇರಿಯಲ್ಲೇ ವಿಚಾರಿಸಿ. ದರವನ್ನೂ ಅಳತೆಯನ್ನೂ ಬರೆಸಿಕೊಳ್ಳಿ. ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೈಯಲ್ಲಿ ದುಡ್ಡಿಲ್ಲದಿದ್ದರೆ ವಾಯಿದೆಗೆ ಮೊದಲೇ ವಕೀಲರಿಗೆ ಹೇಳಿ, ನಾಚಿಕೊಂಡು ಮನೆಯಲ್ಲಿ ಕೂರಬೇಡಿ. ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ನಿಮ್ಮೂರಿನ ಸಂಘದಿಂದಲೂ ಇಂಥದೊಂದು ಅರ್ಜಿ ಬರೆಯಿರಿ. ನಮ್ಮ ಮೂವತ್ತೊಂದು ಸಹಿ ಕಣ್ಣಿಗೆ ಬೀಳದಿರಬಹುದು. ಮೂರು ಸಾವಿರ ಸಹಿ ಬಿದ್ದೇ ಬೀಳುತ್ತದೆ.