ಡ್ಯಾಶ್‌ಬೋರ್ಡಿನ ಬಿಳಿ ಪಟ್ಟಿ

ಟೀವಿಯಲ್ಲಿ ಕಾಣುವ ಬಣ್ಣ ತಾನಾಗಿಯೇ ಬರುತ್ತದೆ ಎಂದು ನಂಬಿರುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ನನ್ನ ಗಂಡನೇ ಹಾಗೆ ನಂಬಿದ್ದ. ಒಂದೇ ಹುಲ್ಲನ್ನು ಒಂದೊಂದು ಕ್ಯಾಮೆರಾ ಒಂದೊಂದು ಥರ ನೋಡುತ್ತದೆ. ಒಂದಕ್ಕೆ ಅದು ಎಳೆ ಹಸಿರು, ಇನ್ನೊಂದಕ್ಕೆ ಕೊಳೆತ ನಿಂಬೆಹಣ್ಣು. ಅವೆಲ್ಲವನ್ನೂ ಒಂದೇ ಹುಲ್ಲು ಮಾಡುವುದು ನನ್ನ ಕೆಲಸವಾಗಿತ್ತು. ರೇಸಿನ ದಿನ, ಕಾರುಗಳು ರಿಪೇರಿಗೆ ಬಂದು ನಿಲ್ಲುವ ಪಿಟ್‌ನ ಹಿಂದೆ ನಿಲ್ಲಿಸಿದ ಟ್ರೇಲರಿನ ಕತ್ತಲಲ್ಲಿ, ಪರದೆಗಳ ಸಾಲಿನ ಮುಂದೆ ಕೂತು, ಕೆಂಪು, ಹಸಿರು, ನೀಲಿ ಗುಂಡಿಗಳನ್ನು ತಿರುಗಿಸುತ್ತಿದ್ದೆ. ಸರಿಯಾಗಿ ಮಾಡಿದರೆ ನಾನು ಇರುವುದೇ ಯಾರಿಗೂ ಗೊತ್ತಾಗುವುದಿಲ್ಲ. ಸ್ವಲ್ಪ ತಪ್ಪಿದರೆ ಪರ್ತ್‌ನಿಂದ ಬ್ರಿಸ್ಬೇನ್‌ವರೆಗೆ ಎಲ್ಲರೂ ಫೋನ್ ಮಾಡಿ ಬೈಯುತ್ತಾರೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಅಕ್ಟೋಬರಿನ ಗುಡ್ಡದ ರೇಸು. ಓಡುವ ಕಾರಿನೊಳಗೇ ಕ್ಯಾಮೆರಾ ಇಡುವುದು ಆಗಿನ್ನೂ ಹೊಸದು, ನಮಗೆಲ್ಲ ಅದರ ಅಮಲು ಏರಿತ್ತು. ಪಕ್ಕದ ಸೀಟು ಕಿತ್ತು ಅಲ್ಲಿ ಕ್ಯಾಮೆರಾ ಕೂರಿಸಿದ್ದರು. ಹಿಂದಿನ ಡಿಕ್ಕಿಯಲ್ಲಿ ಸಿಗ್ನಲ್ ಕಳಿಸುವ ಪೆಟ್ಟಿಗೆ. ಗುಡ್ಡ ಅಡ್ಡ ಬರುತ್ತದೆಂದು ಒಂದು ಹೆಲಿಕಾಪ್ಟರ್ ದಿನವಿಡೀ ಕಾರಿನ ನೆತ್ತಿಯ ಮೇಲೆ ಹಾರುತ್ತ ಆ ಸಿಗ್ನಲ್ ಹಿಡಿದು ನಮಗೆ ದಾಟಿಸುತ್ತಿತ್ತು. ಪೆಟ್ಟಿಗೆ ಮುಟ್ಟಲಾಗದಷ್ಟು ಸುಡುತ್ತಿತ್ತು. ಅದಕ್ಕೆ ನಮ್ಮ ಎಂಜಿನಿಯರ್ ಕಾನ್ ಮವ್ರಾಕಿಸ್ ಡಿಕ್ಕಿಯ ತಳಕ್ಕೆ ತೂತು ಕೊರೆದು ಪುಟ್ಟದೊಂದು ಫ್ಯಾನ್ ಹಾಕಿದ್ದ. ಅದು ಕೆಳಗಿನಿಂದ ಗಾಳಿ ಎಳೆದು ಪೆಟ್ಟಿಗೆಯ ಮೇಲೆ ಊದಿ ಕಾರಿನೊಳಕ್ಕೆ ಬಿಡುತ್ತಿತ್ತು.

“ಪೆಟ್ಟಿಗೆಗೂ ತಂಪು, ನೆವ್‌ಗೂ ತಂಪು,” ಎಂದು ಕಾನ್ ಬೀಗಿದ್ದ.

ನೆವ್ ಟ್ರೆಂಬತ್ ಆ ಕಾರಿನ ಚಾಲಕ. ದಪ್ಪ ಕುತ್ತಿಗೆ, ದೊಡ್ಡ ಬಾಯಿ. ಹಳ್ಳಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಈ ಗುಡ್ಡದ ರೇಸು ಗೆಲ್ಲಬೇಕೆಂದು ತಲೆಗೂದಲು ನೆರೆಯುವವರೆಗೂ ಒದ್ದಾಡಿದವನು. ಆಗೆಲ್ಲ ತಂಡದವರು ಚಾಲಕನ ಜೊತೆ ಮಾತಾಡುತ್ತಿರಲಿಲ್ಲ, ಪಿಟ್‌ನ ಗೋಡೆಯ ಮೇಲಿಂದ ಸೂಚನೆ ಬರೆದ ಹಲಗೆ ತೋರಿಸುತ್ತಿದ್ದರು ಅಷ್ಟೆ. ಅವನ ಕಿವಿಗೆ ತಲುಪುತ್ತಿದ್ದದ್ದು ನಾವು ಮಾತ್ರ. ವೀಕ್ಷಕ ವಿವರಣೆ ಹೇಳುವ ಲಯಲ್ ಹ್ಯಾನಿ ಕೆಣಕಬೇಕು, ನೆವ್ ಸ್ಟೀರಿಂಗ್ ತಿರುಗಿಸುತ್ತಲೇ ಹರಟಬೇಕು, ದೇಶ ನಗಬೇಕು. ಆದರೆ ಸಂಘಟಕರ ಷರತ್ತು ಕಟ್ಟುನಿಟ್ಟು: ಹರಟೆ ಬಿಟ್ಟು ರೇಸಿನ ಬಗ್ಗೆ ಒಂದು ಸಲಹೆ ಕೊಟ್ಟರೂ ಕಾರು ಸ್ಪರ್ಧೆಯಿಂದ ಹೊರಗೆ.

ನಮ್ಮದೂ ಒಂದು ಷರತ್ತಿತ್ತು. ಅವನ ಕಾರು ಓಡುತ್ತಿದ್ದದ್ದು ಟೀವಿಯ ದುಡ್ಡಿನಿಂದ. ಹಾಗಾಗಿ ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ದೀಪ ಇಟ್ಟಿದ್ದೆವು. ಅದು ಉರಿಯುತ್ತಿದ್ದರೆ ಚಿತ್ರ ಬರುತ್ತಿದೆ ಎಂದರ್ಥ. ಆರಿದರೆ ಆ ಸುತ್ತು ಮುಗಿಯುತ್ತಲೇ ಪಿಟ್‌ಗೆ, ನಮ್ಮ ಟ್ರೇಲರಿನ ಬಾಗಿಲಿಗೆ ಬರಬೇಕು, ನಮ್ಮವರು ರಿಪೇರಿ ಮಾಡುತ್ತಾರೆ. ಅಭ್ಯಾಸದ ದಿನಗಳಲ್ಲಿ ಆ ದೀಪ ಆರಿಸಿ ಆರಿಸಿ ಅವನನ್ನು ಕರೆಸಿದ್ದೆವು. “ನಮ್ಮನೆ ನಾಯೀನೂ ಇಷ್ಟು ಸಲ ಕರೆದ್ರೆ ಬರಲ್ಲ ಕಣ್ರೋ,” ಎಂದು ಬೈಯುತ್ತಲೇ ಬರುತ್ತಿದ್ದ.

ರೇಸಿನ ಬೆಳಗ್ಗೆ ನಾನು ಆ ದೀಪದ ಪಕ್ಕ ಒಂದು ಬಿಳಿ ಅಂಟುಪಟ್ಟಿ ಹಚ್ಚಿದೆ. ಬಿಳಿ ಬಿಳಿಯಾಗಿ ಕಂಡರೆ ಉಳಿದ ಬಣ್ಣಗಳೂ ನಿಜ. ನನ್ನ ಕಸುಬಿಗೆ ಅದೇ ದೇವರು.

“ಏನಮ್ಮಾ ನೋಲ್, ನನ್ನ ಕಾರಿಗೆ ಗಾಯ ಆಗಿದ್ಯಾ, ಪಟ್ಟಿ ಕಟ್ತಿದೀಯ?” ಎಂದ ನೆವ್.

“ನಿನ್ನ ಮೂತಿಗೆ ಹಚ್ಚಬೇಕಿತ್ತು, ಮಾತು ಕಮ್ಮಿ ಆಗ್ತಿತ್ತು,” ಎಂದೆ.

ಮಧ್ಯಾಹ್ನದ ಹೊತ್ತಿಗೆ ನೆವ್ ಎಲ್ಲರಿಗಿಂತ ಮುಂದಿದ್ದ. ಅವನ ಹೆಂಡತಿ ಐಲೀನ್ ಪಿಟ್‌ನಲ್ಲಿ ಕೂರಲಾಗದೆ ನಿಂತಿದ್ದಳು. ಗುಡ್ಡದ ಮೇಲಿನ ತಿರುವಿನಲ್ಲಿ ಅವನ ಕಾರು ರಸ್ತೆಯ ಅಂಚಿನಿಂದ ಇಳಿದು ಹೊಟ್ಟೆಯನ್ನು ಕಲ್ಲಿಗೆ ಬಡಿದುಕೊಂಡಿತು. ದಡ್ ಎಂಬ ಸದ್ದು ನಮಗೂ ಕೇಳಿಸಿತು. “ಕಾಂಗರೂ ಅಲ್ಲ ತಾನೆ?” ಎಂದು ಲಯಲ್ ಕೇಳಿದ, ನೆವ್ ನಕ್ಕ. ಅಲ್ಲಿಂದಾಚೆಗೆ ಎಂಜಿನ್ನಿನ ದನಿ ಬದಲಾಯಿತು. ಒಳಗಿನ ಗಂಟಲಿನಿಂದ ಗೊರಗೊರ ಎನ್ನುತ್ತಿತ್ತು.

“ಆಹಾ, ಎಂಥಾ ಸೌಂಡು. ಇನ್ನೂ ಏರ್ಸಿ,” ಎಂದ ನಮ್ಮ ನಿರ್ದೇಶಕ ಮರ್ವ್ ಪಾಸ್ಕೋ. ಒಂದು ಕೈಯಲ್ಲಿ ಮಾಂಸದ ಪೈ ಹಿಡಿದಿದ್ದ, ಅಂಗಿಯ ಮೇಲೆ ಸಾಸು ಸುರಿದಿತ್ತು.

ಆಮೇಲೆ ನೆವ್ ತನ್ನ ಅತ್ತೆಯ ಕಾಕಟೂ ಗಿಳಿಯ ಕಥೆ ಹೇಳಿದ. ಆ ಹಕ್ಕಿ ಥೇಟ್ ಅತ್ತೆಯ ದನಿಯಲ್ಲೇ ಕೂಗುತ್ತದಂತೆ. “‘ನೆವ್, ಊಟಕ್ಕೆ ಬಾ’ ಅಂತ ಕರೀತು. ನಾನು ಶೆಡ್ಡಿಂದ ಓಡ್ಬಂದು, ಕೈ ತೊಳ್ಕೊಂಡು, ಟೇಬಲ್ ಮುಂದೆ ಕೂತೆ. ನೋಡ್ತೀನಿ, ಮನೇಲಿ ಯಾರೂ ಇಲ್ಲ. ಕೈ ತೊಳ್ದಿದ್ದು ದಂಡ ಆಗ್ಬಾರ್ದು ಅಂತ ಎರಡು ಬಿಯರ್ ಕುಡ್ದೆ.” ಲಯಲ್ ಬಿದ್ದು ಬಿದ್ದು ನಕ್ಕ. ನಾವೂ ನಕ್ಕೆವು.

ಕೆಲವು ಸುತ್ತು ಕಳೆಯಿತು. ಮರ್ವ್ ನನ್ನ ಕಡೆ ತಿರುಗಿದ.

“ನೋಲ್, ನೆವ್ ಮುಖ ನೋಡು, ಬೇಯ್ಸಿದ ಸೀಗಡಿ ಥರ ಇದೆ. ಕೆಂಪು ಇಳ್ಸು.”

ಕ್ಯಾಮೆರಾ ಬಿಸಿಯಾದರೆ ಬಣ್ಣ ಜಾರುವುದು ಮಾಮೂಲಿ. ಕೆಂಪು ಇಳಿಸಿದೆ. ನೆವ್ ಮತ್ತೆ ಮನುಷ್ಯನ ಬಣ್ಣಕ್ಕೆ ಬಂದ.

“ಲಯಲ್,” ಎಂದ ನೆವ್ ಆಗ. “ನಮ್ಮತ್ತೆ ಮನೇಲಿ ಒಂದು ಕಾಕಟೂ ಇದೆ, ಹೇಳಿದ್ನಾ?”

ಅದೇ ಕಥೆ, ಅದೇ ಮಾತು, ಅದೇ ಜಾಗದಲ್ಲಿ ಉಸಿರು. ತಮಾಷೆಗೆ ಮತ್ತೆ ಹೇಳುತ್ತಿದ್ದಾನೆಂದು ಲಯಲ್ ಇನ್ನೂ ಜೋರಾಗಿ ನಕ್ಕ. “ಬಂಗಾರ ಕಣಯ್ಯಾ ಇವ್ನು,” ಎಂದ ಮರ್ವ್. ನನಗೆ ನಗು ಬರಲಿಲ್ಲ.

ಮರಗಳ ಸಾಲು ಬಂದಾಗ ಸಿಗ್ನಲ್ ಹೋಗುತ್ತಿತ್ತು, ಪರದೆ ತುಂಬ ಚುಕ್ಕಿ. ಪ್ರತಿ ಸುತ್ತಿನಲ್ಲೂ ಅದು ಆಗುವುದೇ. ಆದರೆ ಈ ಸಲ ಚಿತ್ರ ಮರಳಿದಾಗ ಕಾರು ಗೋಡೆಗೆ ತೀರ ಹತ್ತಿರವಿತ್ತು. ನೆವ್‌ನ ರೆಪ್ಪೆಗಳು ನಿಧಾನವಾಗಿ ಮುಚ್ಚಿ ತೆರೆಯುತ್ತಿದ್ದವು. ಮುಖ ಮತ್ತೆ ಕೆಂಪಗಾಗಿತ್ತು.

“ಕೆಂಪು, ನೋಲ್. ಇನ್ನೂ ಇಳ್ಸು,” ಎಂದ ಮರ್ವ್.

ಗುಂಡಿಯ ಮೇಲೆ ಕೈ ಇಟ್ಟು ನನ್ನ ಬಿಳಿ ಪಟ್ಟಿಯನ್ನು ಹುಡುಕಿದೆ. ಅದು ಬಿಳಿಯಾಗಿರಲಿಲ್ಲ. ಪಾಚಿ ಕಟ್ಟಿದಂತೆ ಹಸಿರಾಗಿತ್ತು. ನಾನು ಕೆಂಪನ್ನು ಇಳಿಸಿದ್ದರಿಂದಲೇ ಅದು ಹಸಿರಾಗಿದ್ದು. ಗುಂಡಿಯನ್ನು ಮೊದಲಿನ ಜಾಗಕ್ಕೆ ತಂದೆ. ಪಟ್ಟಿ ಹಾಲಿನಂತೆ ಬೆಳ್ಳಗಾಯಿತು. ಅದರ ಹಿಂದೆ ನೆವ್‌ನ ಮುಖ ಮಾಗಿದ ಚೆರ್ರಿ ಹಣ್ಣಿನ ಬಣ್ಣದಲ್ಲಿ ಉರಿಯುತ್ತಿತ್ತು. ಕ್ಯಾಮೆರಾ ಸರಿಯಾಗೇ ಇತ್ತು.

“ಕಾನ್, ಆ ಸೌಂಡು ಯಾಕೆ ಬದಲಾಯ್ತು?” ಎಂದು ಕೇಳಿದೆ.

“ಹೊಗೆ ಕೊಳವೆ ಮುರಿದಿರ್ಬೇಕು. ಕಲ್ಲಿಗೆ ಬಡೀತಲ್ಲ...” ಎಂದವನು ಅಲ್ಲೇ ನಿಂತ. ಅವನ ಮುಖದ ರಕ್ತ ಇಳಿದುಹೋಯಿತು. “ನನ್ನ ಫ್ಯಾನು. ಹೊಗೆನೆಲ್ಲ ಒಳಗೆ ಎಳೀತಿದೆ, ನೋಲ್. ಅವ್ನಿಗೆ ಊದ್ತಿದೆ. ಕಣ್ಣಿಗೆ ಕಾಣದ ವಿಷ ಅದು, ಏರಿದ್ರೆ ಮುಖ ಕೆಂಪಾಗಿ ಬುದ್ಧಿ ಮಂಕಾಗತ್ತೆ.”

ಮರ್ವ್‌ಗೆ ಹೇಳಿದೆ. ಅವನು ಕೆಟ್ಟವನಲ್ಲ, ಆದರೆ ಮುಂದಿರುವ ಕಾರಿನ ಚಿತ್ರ ಕೈಯಲ್ಲಿದ್ದಾಗ ಅವನಿಗೆ ಬೇರೆ ಏನೂ ಕಾಣುತ್ತಿರಲಿಲ್ಲ.

“ಬಿಸಿಲು ಕಣೇ, ಕಾರೊಳಗೆ ಒಲೆ ಥರ ಇರತ್ತೆ. ಒಂದು ಮಾತು ಆಡಿದ್ರೂ ಅವನ ರೇಸು ಮುಗೀತು. ಇಷ್ಟು ವರ್ಷ ಕಾದು ಇವತ್ತು ಗೆಲ್ತಿದಾನೆ, ನೀನು ಹಾಳು ಮಾಡ್ತೀಯಾ? ಆಮೇಲೆ ಅವ್ನ ಮುಖ ಹೆಂಗೆ ನೋಡ್ತೀಯ?”

“ಅವ್ನು ಉಳಿದ್ರೆ ತಾನೆ ಮುಖ ನೋಡೋದು.”

ಲಯಲ್ ನೆವ್ ಜೊತೆ ಮಾತಾಡುವ ಲೈನು ನನ್ನ ಮೇಜಿಗೂ ಬರುತ್ತಿತ್ತು. ಮಾತಾಡುವ ಗುಂಡಿ ಒತ್ತಿದೆ. ದೇಶಕ್ಕೆಲ್ಲ ಕೇಳಿಸುತ್ತದೆಂದು ಗೊತ್ತಿತ್ತು. “ನೆವ್, ನಾನು ನೋಲ್. ಒಳಗೆ ಹೊಗೆ ತುಂಬ್ತಿದೆ. ಕಿಟಕಿ ಇಳ್ಸು. ಗಾಡಿ ನಿಲ್ಸು.”

ಅವನು ಕ್ಯಾಮೆರಾದತ್ತ ನೋಡಿ ಅಕ್ಕರೆಯಿಂದ ನಕ್ಕ. ಆಕ್ಸಿಲರೇಟರಿನ ಮೇಲಿಂದ ಕಾಲು ಮಾತ್ರ ತೆಗೆಯಲಿಲ್ಲ.

“ನೋಲಾ? ಬಾಮ್ಮ. ನಮ್ಮತ್ತೆ ಮನೇಲಿ ಒಂದು ಕಾಕಟೂ ಇದೆ, ನಿಂಗೆ ಹೇಳಿದ್ನಾ?”

ಈ ಸಲ ಲಯಲ್ ನಗಲಿಲ್ಲ. ನನಗೆ ಅಷ್ಟು ಭಯ ಹಿಂದೆಂದೂ ಆಗಿರಲಿಲ್ಲ. ಅವನಿಗೆ ಮಾತು ತಲುಪುತ್ತಿತ್ತು, ಅರ್ಥ ತಲುಪುತ್ತಿರಲಿಲ್ಲ.

ಕಾರಿನ ಪೆಟ್ಟಿಗೆಯನ್ನು ಇಲ್ಲಿಂದಲೇ ಆರಿಸುವ ಒಂದು ಸ್ವಿಚ್ಚು ನನ್ನ ಮೇಜಿನ ಮೇಲಿತ್ತು. ಆರಿಸಿದರೆ ಫ್ಯಾನ್ ನಿಲ್ಲುತ್ತದೆ. ಜೊತೆಗೆ ಚಿತ್ರವೂ ಹೋಗುತ್ತದೆ, ಅವನ ಕಿವಿಯಲ್ಲಿರುವ ಒಂದೇ ಒಂದು ದನಿಯೂ ಹೋಗುತ್ತದೆ. ಗುಡ್ಡದ ಇಳಿಜಾರಿನಲ್ಲಿ, ಎರಡೂ ಕಡೆ ಗೋಡೆಯಿರುವಲ್ಲಿ, ಅವನು ಒಬ್ಬನೇ ಆಗುತ್ತಾನೆ. ಆದರೆ ದೀಪವೂ ಆರುತ್ತದೆ.

“ಮುಟ್ಬೇಡ,” ಎಂದ ಮರ್ವ್.

ಆರಿಸಿದೆ. ಪರದೆ ಕಪ್ಪಾಯಿತು, ಗೊರಗೊರ ಸದ್ದು ನಿಂತಿತು.

ಮರ್ವ್ ಉಳಿದ ಕ್ಯಾಮೆರಾಗಳಲ್ಲಿ ನೆವ್‌ನ ಕಾರನ್ನು ಹುಡುಕತೊಡಗಿದ. ಗುಡ್ಡದ ತುದಿಯ ಕ್ಯಾಮೆರಾಕ್ಕೆ ಕಾರು ಸಿಕ್ಕಿತು. ಗೋಡೆಗೆ ಕಿಡಿ ಹಾರಿಸುತ್ತ ಉಜ್ಜಿಕೊಂಡು ಹೋಗಿ ಮರಗಳ ಹಿಂದೆ ಮಾಯವಾಯಿತು. ಮರಗಳ ಈಚೆಗಿನ ಕ್ಯಾಮೆರಾ ಬರೀ ಖಾಲಿ ರಸ್ತೆ ತೋರಿಸುತ್ತಿತ್ತು. ಒಂದು ಕಾರು ಬಂತು, ಅವನದಲ್ಲ. ಇನ್ನೊಂದು ಬಂತು, ಅದೂ ಅಲ್ಲ. ಕಾನ್ ಗ್ರೀಕ್ ಭಾಷೆಯಲ್ಲಿ ಏನೋ ಗೊಣಗುತ್ತಿದ್ದ, ಪ್ರಾರ್ಥನೆ ಇರಬೇಕು.

ಆಮೇಲೆ ನೆವ್‌ನ ಕಾರು ಬಂತು. ಉಳಿದವರು ಬಾಣದಂತೆ ನುಗ್ಗುವ ನೇರ ರಸ್ತೆಯಲ್ಲಿ ಅದು ಎಡ ಅಂಚು ಹಿಡಿದು, ಸಂಜೆ ಮನೆಗೆ ಹೋಗುವ ಗಾಡಿಯಷ್ಟು ನಿಧಾನವಾಗಿ ಬರುತ್ತಿತ್ತು. ಪಿಟ್‌ನ ದಾರಿ ಹತ್ತಿರವಾದಾಗ ತಿರುವಿನ ದೀಪ ಮಿಣುಕಿತು. ಇಂಡಿಕೇಟರ್ ಹಾಕಿದ್ದ, ರೇಸಿನ ಮಧ್ಯದಲ್ಲಿ. ನನಗೆ ಅಳು ಬಂತು.

ಹೆಡ್‌ಫೋನ್ ಕಿತ್ತೆಸೆದು ಓಡಿದೆ. ಅವನು ತನ್ನ ತಂಡದ ಮುಂದೆ ನಿಲ್ಲಿಸಲಿಲ್ಲ. ವಾರವೆಲ್ಲ ನಾವು ಕಲಿಸಿದ ಜಾಗಕ್ಕೇ, ನಮ್ಮ ಟ್ರೇಲರಿನ ಬಾಗಿಲಿಗೇ ತಂದು ನಿಲ್ಲಿಸಿದ. ಬಾಗಿಲು ತೆಗೆದರೆ ಒಳಗಿನ ಗಾಳಿ ಕಣ್ಣಿಗೆ ಚುಚ್ಚಿತು. ಕಾನ್ ಮತ್ತು ನಾನು ಅವನನ್ನು ಎಳೆದು ಚಕ್ರಕ್ಕೆ ಒರಗಿಸಿ ಕೂರಿಸಿದೆವು. ಯಾರೋ ಡಾಕ್ಟರನ್ನು ಕೂಗಿದರು. ಐಲೀನ್ ಜನರನ್ನು ತಳ್ಳಿಕೊಂಡು ಬಂದು ಅವನ ಎದುರು ಮಂಡಿಯೂರಿದಳು.

ಪಿಟ್‌ನ ಕ್ಯಾಮೆರಾಮನ್ ಅಷ್ಟರಲ್ಲಿ ನೆವ್‌ನ ಮುಖದ ಮುಂದೆ ನಿಂತಿದ್ದ. ಅವನ ಹೆಡ್‌ಫೋನಿನಿಂದ ಮರ್ವ್‌ನ ದನಿ ಸೋರುತ್ತಿತ್ತು: “ಕೆಂಪು ಜಾಸ್ತಿ ಆಯ್ತು, ಇಳ್ಸಿ. ನೋಲ್ ಎಲ್ಲಿ? ಗುಂಡಿ ಹತ್ರ ಯಾರಿದೀರಿ?” ಯಾರೂ ಇರಲಿಲ್ಲ. ಪಕ್ಕದ ತಂಡದ ಪುಟ್ಟ ಟೀವಿಯಲ್ಲಿ ನೆವ್‌ನ ಮುಖ ಇದ್ದ ಬಣ್ಣದಲ್ಲೇ ಕಾಣುತ್ತಿತ್ತು. ದೇಶವೂ ಅದನ್ನು ಹಾಗೆಯೇ ನೋಡಿತು.

ನೆವ್ ಗ್ಲವ್ಸ್ ಒಂದೊಂದಾಗಿ ಬಿಚ್ಚಿದ. ಖಾಲಿ ಅಂಗೈಗಳನ್ನು ಒಂದಕ್ಕೊಂದು ಉಜ್ಜಿ, ತೊಳೆದುಕೊಂಡವನ ಹಾಗೆ ಕೊಡವಿ, ಹೆಂಡತಿಯ ಮುಖವನ್ನೇ ನೋಡಿದ. ಗುರುತು ಹತ್ತಲಿಲ್ಲ.

“ಕರೆದ್ರಲ್ಲ, ಬಂದೆ,” ಎಂದ. “ಎಲ್ಲಿ, ಮನೇಲಿ ಯಾರೂ ಇಲ್ವಾ?”